ಕಡಲ ಕಲ್ಲಿನ ಮೇಲೆ ಗಾಳ ಹಾಕಿದ್ದೆವು, ವಾಪಸ್ ಬಿಟ್ಟ ಮುರು ಮೀನು ಯಾಕೆ ಬದುಕಲಿಲ್ಲ?

ದಾವಣಗೆರೆ_ಗಾಳ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಪ್ರಶ್ನೆ ಕೊನೆಯಲ್ಲಿದೆ.

ನಾನು ಬಯಲುಸೀಮೆಯವನು. ಭದ್ರಾ ಚಾನಲ್ ದಂಡೆಯಲ್ಲಿ, ಕೆರೆ ಏರಿ ಮೇಲೆ ಕೂತು ಗಾಳ ಹಾಕಿ ಬೆಳೆದವನು. ಬೆಂಗಳೂರಿನಲ್ಲಿ ಎಂಟು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯ ಭಟ್ಕಳದ ಹತ್ತಿರ ಶಿರಾಲಿ ಕಡೆಯವನು. ಪ್ರತಿ ವರ್ಷ ಕರೆಯುತ್ತಿದ್ದ, ಪ್ರತಿ ವರ್ಷ ಏನೋ ಒಂದು ಅಡ್ಡ ಬರುತ್ತಿತ್ತು. ಈ ನವೆಂಬರ್‌ನಲ್ಲಿ ಕೊನೆಗೂ ಹೋದೆ. ಅವನ ಮಾವನ ಹತ್ತಿರ ಫೈಬರ್ ನಾಡದೋಣಿ ಇದೆ, ಔಟ್‌ಬೋರ್ಡ್ ಎಂಜಿನ್ ಇದೆ. ದಿನ ಆರಿಸಿದ್ದು ಅವರೇ. ನಾನು ಶನಿವಾರ ಅಂದರೆ ಅವರು ಅಷ್ಟಮಿ ಅಂದರು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜೋರಾಗಿ ಓಡುತ್ತದಂತೆ, ದಾರಕ್ಕೆ ಕಟ್ಟಿದ ಸೀಸ ಕಲ್ಲಿನ ಮೇಲೆ ನಿಲ್ಲೋದೇ ಇಲ್ಲವಂತೆ. ಅದಕ್ಕೆ ಆಫೀಸಿಗೆ ರಜೆ ಹಾಕಿ ಮಂಗಳವಾರ ಹೋದೆವು.

ಬೆಳಗಿನ ಜಾವ ನಾಲ್ಕೂವರೆಗೆ ಅಳ್ವೆಕೋಡಿಯಿಂದ ಹೊರಟೆವು. ಮೂಡುಗಾಳಿ ತಣ್ಣಗೆ ಬೆನ್ನಿಗೆ ಹೊಡೆಯುತ್ತಿತ್ತು, ನೀರು ಎಣ್ಣೆ ಸುರಿದ ಹಾಗೆ ಇತ್ತು. ಬೆಳಕು ಹರಿಯುವಾಗ ಪಶ್ಚಿಮಕ್ಕೆ ನೇತ್ರಾಣಿ ದ್ವೀಪದ ಗುಡ್ಡೆ ಕಪ್ಪಗೆ ಎದ್ದು ಕಂಡಿತು. ಅಲ್ಲಿವರೆಗೆ ಹೋಗಲಿಲ್ಲ, ಅದಕ್ಕಿಂತ ಈಚೆ ನೀರಿನಡಿ ಒಂದು ಕಲ್ಲು ಇದೆ, ಅದರ ಮೇಲೆ ದೋಣಿ ನಿಲ್ಲಿಸಿದರು. ಮಾವನ ಹತ್ತಿರ ಜಿಪಿಎಸ್ ಇದೆ, ಆದರೂ ತಿರುಗಿ ದಡ ನೋಡಿದರು. ಮುರುಡೇಶ್ವರದ ಗೋಪುರ ಹಿಂದಿನ ಗುಡ್ಡದ ಒಂದು ತಗ್ಗಿಗೆ ಸರಿಯಾಗಿ ಕೂರಬೇಕಂತೆ. ಗೋಪುರ ಕಟ್ಟುವ ಮೊದಲು ಯಾವ ಗುರುತು ಇತ್ತು ಅಂತ ಕೇಳಿದೆ. ಒಂದು ತೆಂಗಿನ ತೋಟ ಇತ್ತು ಅಂದರು.

ಆಳ ಹದಿನಾರು ಮಾರು. ಅಂದರೆ ಹೆಚ್ಚು ಕಡಿಮೆ 30 ಮೀಟರ್. ನನ್ನ ರಾಡ್ ಬೇಡ ಅಂದು ಮಾವ ಕೈಗೆ ತಂಗೂಸಿ (ನೈಲಾನ್ ಗಾಳದ ದಾರ) ಕೊಟ್ಟರು, ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಸಿದರು. ಸೀಸ ಕೆಳಗೆ ಹೋಗಿ ತಾಗುವಾಗ ಬೆರಳಿಗೆ ಗೊತ್ತಾಗುತ್ತೆ. ಕಲ್ಲಾದರೆ ಟಕ್ ಅನ್ನುತ್ತೆ, ಮರಳಾದರೆ ಮೆತ್ತಗೆ ಕೂತು ಬಿಡುತ್ತೆ. ಇಪ್ಪತ್ತು ವರ್ಷ ಗಾಳ ಹಾಕಿದ್ದೇನೆ, ನೆಲವನ್ನು ಹೀಗೆ ಬೆರಳಲ್ಲಿ ಮುಟ್ಟಿ ನೋಡಿದ್ದು ಅದೇ ಮೊದಲು.

ಮೊದಲ ಎರಡು ಮೀನು ಕೈ ತಪ್ಪಿದವು. ಮುರು (ಇಂಗ್ಲಿಷ್‌ನಲ್ಲಿ ಗ್ರೂಪರ್, ಕಲ್ಲಿನ ಬಿಲದಲ್ಲಿರುವ ಮೀನು) ಕಚ್ಚಿದ ತಕ್ಷಣ ಬಿಲಕ್ಕೆ ನುಗ್ಗುತ್ತೆ. ಕೆರೆಯಲ್ಲಿ ಮಾಡೋ ಹಾಗೆ ಆಡಿಸೋಕೆ ಹೋದರೆ ಮುಗಿಯಿತು, ಮೊದಲ ಎರಡು ಮಾರು ಉಸಿರು ಬಿಡದೆ ಎಳೀಬೇಕು. ಎರಡನೆಯದು ಬಿಲದಲ್ಲಿ ಸಿಕ್ಕಿಕೊಂಡಾಗ ಗೆಳೆಯ ನನ್ನ ಕೈ ಹಿಡಿದು ದಾರ ಸಡಿಲ ಬಿಡಿಸಿದ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಅದಾಗೇ ಹೊರಗೆ ಬರುತ್ತೆ ಅಂದ. ಬಂತು ಕೂಡ, ಆದರೆ ದಾರ ಅಷ್ಟರಲ್ಲಿ ಸವೆದಿತ್ತು. ಮೂರನೆಯದು ಮೇಲೆ ಬಂತು. ಎರಡೂವರೆ ಕೆಜಿ ಮುರು, ಮೈ ತುಂಬ ಕಂದು ಚುಕ್ಕೆ. ಗೆಳೆಯನಿಗೆ ಎರಡು ಕೆಂಬೇರಿ (ಕೆಂಪು ಸ್ನ್ಯಾಪರ್ ಮೀನು). ಹತ್ತು ಗಂಟೆ ಹೊತ್ತಿಗೆ ನಮಗೆ ಬೇಕಾದಷ್ಟು ಆಗಿತ್ತು. ಅಂಥ ಬೆಳಗು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಈಗ ನನ್ನನ್ನು ಕೊರೆಯುತ್ತಿರುವ ವಿಷಯ. ನಡುನಡುವೆ ಗೇಣುದ್ದದ ಮರಿ ಮುರು ಐದು ಬಂದವು. ವಾಪಸ್ ಬಿಡೋಣ ಅಂತ ನಾನೇ ಹೇಳಿದೆ. ಕೆರೆಯಲ್ಲಿ ಮರಿ ಬಿಟ್ಟರೆ ಬಾಲ ಬಡಿದು ಹೋಗಿಬಿಡುತ್ತೆ ಅಲ್ವಾ. ಇವು ಹೋಗಲೇ ಇಲ್ಲ. ಬಾಯಿಂದ ಗುಲಾಬಿ ಬಣ್ಣದ ಬಲೂನಿನಂಥದ್ದು ಹೊರಗೆ ಬಂದಿತ್ತು, ಕಣ್ಣು ಉಬ್ಬಿದ್ದವು, ಹೊಟ್ಟೆ ಮೇಲೆ ಮಾಡಿ ತೇಲಿದವು. ಗೆಳೆಯ ಒಂದರ ಬಲೂನನ್ನು ಗಾಳದ ಮೊನೆಯಿಂದ ಚುಚ್ಚಿ ಗಾಳಿ ಬಿಟ್ಟ. ಅದು ಸ್ವಲ್ಪ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ನೇತ್ರಾಣಿ ಕಡೆಯಿಂದ ಒಂದು ಕಡಲ ಹದ್ದು ಬಂದು ಒಂದನ್ನು ಎತ್ತಿಕೊಂಡು ಹೋಯಿತು. ಉಳಿದವು ದೋಣಿ ಪಕ್ಕದಲ್ಲೇ ಕಿವಿರು ಆಡಿಸುತ್ತಾ ತೇಲುತ್ತಿದ್ದವು. ನನಗೆ ನೋಡಲಾಗಲಿಲ್ಲ.

ಪ್ರಶ್ನೆ ಇಷ್ಟೇ. ಅಷ್ಟು ಆಳದಿಂದ ಬಂದ ಮರಿಯನ್ನು ಬದುಕಿರುವ ಹಾಗೆ ಬಿಡೋಕೆ ದಾರಿ ಇದೆಯಾ? ಇನ್ನೊಂದು, ಹೊರಡುವಾಗ ಲಂಗರು ಕಲ್ಲಿಗೆ ಸಿಕ್ಕಿ ಹಗ್ಗ ಕತ್ತರಿಸಬೇಕಾಯಿತು. ಮಾವ ಏನೂ ಅನ್ನಲಿಲ್ಲ, ಆದರೆ ನಷ್ಟ ನಷ್ಟವೇ. ಮುಂದಿನ ಸಲ ಅದು ಆಗದ ಹಾಗೆ ಏನು ಮಾಡಬಹುದು?

ಗಂಗೊಳ್ಳಿ_ತಂಗೂಸಿ

ಚೆಂದ ಬರೆದಿದ್ದೀರಿ ಮಾರಾಯ್ರೆ. ಮಾವ ಅಷ್ಟಮಿ ಹೇಳಿದ್ದು ಸರಿಯಾದ ಮಾತು.

ಮೊದಲು ಲಂಗರು. ಹಗ್ಗವನ್ನು ಮೇಲಿನ ಬಳೆಗೆ ಕಟ್ಟಬೇಡಿ. ಕೆಳಗೆ ಕೊಕ್ಕೆಗಳೆಲ್ಲ ಸೇರುವ ಬುಡ ಇದೆಯಲ್ಲ, ಅಲ್ಲಿಗೆ ಕಟ್ಟಿ. ಆಮೇಲೆ ಹಗ್ಗವನ್ನು ಕಂಬಿಯ ಉದ್ದಕ್ಕೂ ಮೇಲೆ ತಂದು ಬಳೆಗೆ ತೆಳು ದಾರದಲ್ಲಿ ಎರಡು ಸುತ್ತು ಬಿಗಿಯಿರಿ. ದೋಣಿ ನಿಂತಿರುವಾಗ ಎಳೆತ ಬಳೆಯಿಂದಲೇ ಬರುತ್ತದೆ, ಲಂಗರು ಹಿಡಿದುಕೊಂಡಿರುತ್ತದೆ. ಕಲ್ಲಿಗೆ ಸಿಕ್ಕಿಕೊಂಡರೆ ದೋಣಿಯನ್ನು ಹಗ್ಗದ ನೇರ ಮೇಲೆ ತಂದು ಜೋರಾಗಿ ಎಳೆಯಿರಿ. ತೆಳು ದಾರ ತುಂಡಾಗುತ್ತದೆ, ಎಳೆತ ಬುಡಕ್ಕೆ ಹೋಗುತ್ತದೆ, ಲಂಗರು ತಲೆಕೆಳಗಾಗಿ ಬಿಡಿಸಿಕೊಂಡು ಬರುತ್ತದೆ. ಆ ದಾರ ಎಷ್ಟು ದಪ್ಪ ಇರಬೇಕು ಅಂತ ನಾಲ್ಕು ಸಲ ಮಾಡಿದರೆ ಕೈಗೆ ಬರುತ್ತದೆ. ಜಾಸ್ತಿ ದಪ್ಪ ಆದರೆ ತುಂಡಾಗಲ್ಲ, ತೀರಾ ತೆಳು ಆದರೆ ಮಧ್ಯಾಹ್ನ ಪಡುಗಾಳಿ ಎದ್ದಾಗ ತಾನಾಗೇ ತುಂಡಾಗಿ ದೋಣಿ ತೇಲಿ ಹೋಗುತ್ತದೆ.

ಮರಿ ಮುರು ವಿಷಯಕ್ಕೆ ನನ್ನ ಅಭಿಪ್ರಾಯ ಬೇರೆ. ನಮ್ಮಲ್ಲಿ ಯಾರೂ ಬಿಡಲ್ಲ. ಬಿಟ್ಟರೆ ಹೇಗೂ ಸಾಯುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಮನೆ ಸಾರಿಗೆ ತರುತ್ತೇವೆ. ಸತ್ತ ಮೀನನ್ನು ನೀರಿಗೆ ಎಸೆಯೋದು ಅನ್ನಕ್ಕೆ ಮಾಡುವ ಅವಮಾನ. ನಾನು ಮಾಡೋದು ಒಂದೇ. ಎರಡು ಮರಿ ಒಟ್ಟೊಟ್ಟಿಗೆ ಬಂದರೆ ಆ ಜಾಗ ಬಿಟ್ಟು ಮುಂದೆ ಹೋಗುತ್ತೇನೆ. ಮರಿ ಇರುವ ಕಡೆ ಮರಿಗಳೇ ಜಾಸ್ತಿ. ಗಾಳವೂ ದೊಡ್ಡದು ಹಾಕಿ, ಬಂಗುಡೆ ತುಂಡು ಅಂಗೈ ಅಗಲ ಇರಲಿ. ಬೊಂಡಾಸ್‌ನ (ಸ್ಕ್ವಿಡ್) ಸಣ್ಣ ಪಟ್ಟಿ ಹಾಕಿದರೆ ಮರಿಗಳೇ ಮೊದಲು ಬರೋದು.

ಇನ್ನೊಂದು. ಲೈಫ್ ಜಾಕೆಟ್ ಹಾಕಿದ್ದಿರಾ? ನೀವು ಬರೆದಿಲ್ಲ.

ದಾವಣಗೆರೆ_ಗಾಳ

ಹಾಕಿದ್ದೆವು ಅಣ್ಣ. ಮಾವ ಅದಿಲ್ಲದೆ ದೋಣಿ ಹತ್ತಿಸಲ್ಲ. ಲಂಗರಿನ ವಿಷಯ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರ ಅಪ್ಪ ಹಾಗೇ ಕಟ್ಟುತ್ತಿದ್ದರಂತೆ, ತಾವು ಮರೆತೇ ಬಿಟ್ಟಿದ್ದೆ ಅಂದರು. ಗಾಳಕ್ಕೆ ಹಾಕಿದ್ದು ಬೊಂಡಾಸ್ ಪಟ್ಟಿಯೇ. ಈಗ ಅರ್ಥ ಆಯಿತು.

ನೀರೊಳಗಿನವ

ನಾನು ಮುರುಡೇಶ್ವರದಲ್ಲಿ ಡೈವಿಂಗ್ ಕೆಲಸ ಮಾಡುತ್ತೇನೆ, ಸೀಸನ್‌ನಲ್ಲಿ ಹೆಚ್ಚು ಕಡಿಮೆ ದಿನಾ ನೇತ್ರಾಣಿ ನೀರಿನಲ್ಲಿರುತ್ತೇನೆ. ನೀವು ಮೇಲಿನಿಂದ ಬೆರಳಲ್ಲಿ ಮುಟ್ಟಿದ ಕಲ್ಲನ್ನು ನಾನು ಕೆಳಗಿನಿಂದ ನೋಡುವವನು. ಹಾಗಾಗಿ ಎರಡು ಮಾತು.

ಆ ಬಲೂನು ಗಾಳಿಚೀಲ (ನೀರಿನಲ್ಲಿ ತೇಲಲು ಮೀನಿನ ಒಳಗಿರುವ ಚೀಲ) ಅಲ್ಲ. ಅದು ಮೀನಿನ ಜಠರ. ದಯವಿಟ್ಟು ಅದನ್ನು ಯಾವತ್ತೂ ಚುಚ್ಚಬೇಡಿ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರ್‌ನಲ್ಲಿ ಮೇಲಿಗಿಂತ ನಾಲ್ಕು ಪಟ್ಟು ಒತ್ತಡ. ಅಲ್ಲಿದ್ದ ಮೀನನ್ನು ಒಂದೇ ನಿಮಿಷದಲ್ಲಿ ಮೇಲೆ ತಂದರೆ ಅದರ ಗಾಳಿಚೀಲದೊಳಗಿನ ಗಾಳಿ ನಾಲ್ಕು ಪಟ್ಟು ಹಿಗ್ಗುತ್ತದೆ. ಮುರು, ಕೆಂಬೇರಿ ಇವಕ್ಕೆ ಆ ಗಾಳಿಯನ್ನು ಬಾಯಿಂದ ಬಿಡಲು ದಾರಿ ಇಲ್ಲ. ಹಿಗ್ಗಿದ ಚೀಲ ಜಠರವನ್ನು ಬಾಯಿಂದ ಹೊರಗೆ ತಳ್ಳುತ್ತದೆ, ಕಣ್ಣನ್ನೂ ತಳ್ಳುತ್ತದೆ. ನಾವು ಡೈವರ್‌ಗಳು ಉಸಿರು ಬಿಡುತ್ತಾ ನಿಧಾನವಾಗಿ ಮೇಲೆ ಬರೋದು ಇದೇ ಕಾರಣಕ್ಕೆ.

ಅಂದರೆ ಮೇಲೆ ತೇಲುತ್ತಿದ್ದ ಮೀನು ಸತ್ತಿರಲಿಲ್ಲ. ಕೆಳಗೆ ಹೋಗಲಾಗದೆ ತೇಲುತ್ತಿತ್ತು, ಅಷ್ಟೇ. ಬೇಗ ಕೆಳಗೆ ಮುಟ್ಟಿಸಿದರೆ ಅದೇ ಒತ್ತಡ ಗಾಳಿಯನ್ನು ಮತ್ತೆ ಕುಗ್ಗಿಸುತ್ತದೆ, ಎಷ್ಟೋ ಮೀನು ಚೇತರಿಸಿಕೊಳ್ಳುತ್ತವೆ. ಬಿಸಿಲಿನಲ್ಲಿ ಇಟ್ಟು ಫೋಟೋ ತೆಗೆಯುತ್ತಾ ಕೂತರೆ ಅದೂ ಆಗಲ್ಲ.

ಗಂಗೊಳ್ಳಿಯವರಿಗೆ ಒಂದು ಮಾತು. ಸತ್ತದ್ದನ್ನು ಎಸೆಯಬಾರದು ಅನ್ನೋದು ಒಪ್ಪಿದೆ. ಆದರೆ ಮುರು ಮೀನುಗಳಲ್ಲಿ ಹೆಚ್ಚಿನ ಜಾತಿಗಳು ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಗೇಣುದ್ದದ್ದು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿರೋದಿಲ್ಲ. ತೀರಾ ದೊಡ್ಡವನ್ನೆಲ್ಲ ಹಿಡಿದರೆ ಆ ಕಲ್ಲಿನಲ್ಲಿ ಗಂಡೇ ಉಳಿಯಲ್ಲ. ಮುರು ಅಲೆಯುವ ಮೀನಲ್ಲ, ಬೂತಾಯಿ ಬಂಗುಡೆ ಹಾಗೆ ಹಿಂಡು ಹಿಂಡಾಗಿ ಮುಂದಿನ ವರ್ಷ ಬರುತ್ತದೆ ಅಂತ ಕಾಯೋ ಹಾಗಿಲ್ಲ. ಒಂದು ಬಿಲದಲ್ಲಿ ಒಂದು ಮುರುವನ್ನು ನಾನು ಮೂರು ಸೀಸನ್ ನೋಡಿದ್ದೇನೆ, ಎಡ ಕೆನ್ನೆಯ ಮೇಲೆ ಹಳೆ ಗಾಳದ ಗಾಯ ಇತ್ತು, ನಾನು ಇಳಿದ ತಕ್ಷಣ ಅರ್ಧ ಮೈ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ನಾಲ್ಕನೇ ವರ್ಷ ಬಿಲ ಖಾಲಿ ಇತ್ತು. ಈಗಲೂ ಅಲ್ಲಿಗೆ ಹೋದಾಗ ಮೊದಲು ಆ ಬಿಲ ನೋಡುತ್ತೇನೆ.

ಲಂಗರು ಕಲ್ಲಿನ ಮೇಲೆ ಬೀಳದಿದ್ದರೆ ಇನ್ನೂ ಒಳ್ಳೆಯದು. ನೀರು ಯಾವ ಕಡೆಯಿಂದ ಬರುತ್ತಿದೆ ನೋಡಿ, ಕಲ್ಲು ದಾಟಿ ಆ ಕಡೆ ಮರಳಿನಲ್ಲಿ ಲಂಗರು ಹಾಕಿ ಹಗ್ಗ ಬಿಡುತ್ತಾ ದೋಣಿಯನ್ನು ಕಲ್ಲಿನ ಮೇಲಕ್ಕೆ ತನ್ನಿ. ಮರಳು ಯಾವುದು ಕಲ್ಲು ಯಾವುದು ಅಂತ ಸೀಸದಲ್ಲೇ ಗೊತ್ತಾಗುತ್ತೆ ಅಂತ ನೀವೇ ಬರೆದಿದ್ದೀರಲ್ಲ. ಇಲ್ಲಿನ ಕಲ್ಲುಗಳ ಮೇಲೆ ಹವಳ ಇದೆ. ಒಂದು ಲಂಗರು ಎಳೆದ ಗೆರೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಹವಳ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲ ಪಟ್ಟಿಯಲ್ಲಿದೆ ಅನ್ನೋದು ತುಂಬ ಜನರಿಗೆ ಗೊತ್ತಿಲ್ಲ.

ಪರ್ತ್_ಕನ್ನಡಿಗ

ಇದನ್ನು ಓದಿ ಬರೆಯದೆ ಇರಲಾಗಲಿಲ್ಲ. ನಾನು ಮೂಲತಃ ಕುಮಟಾದವನು, ಈಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿ ಗೆಳೆಯರ ಜೊತೆ ಬೋಟಿನಲ್ಲಿ ಹೋಗಿ ಕಡಲ ತಳದ ಕಲ್ಲಿನ ಮೀನು ಹಿಡಿಯೋದು ಭಾನುವಾರದ ಹಬ್ಬ ಇದ್ದ ಹಾಗೆ. ನೀವು ಕೇಳಿದ ಸಮಸ್ಯೆಗೆ ಇಲ್ಲಿ ಒಂದು ಸಾಮಾನು ಇದೆ, ರಿಲೀಸ್ ವೇಟ್ ಅಂತಾರೆ. ತಳದ ಮೀನು ಹಿಡಿಯಲು ಹೋಗುವ ಬೋಟಿನಲ್ಲಿ ಅದು ಇರಲೇಬೇಕು ಅಂತ ನಿಯಮವೇ ಇದೆ. ಮೊದಲ ವರ್ಷ ನಾನು ಸುಮ್ನೆ ನಿಯಮ ಅಂತ ಇಟ್ಟುಕೊಂಡಿದ್ದೆ. ಒಂದು ಸಲ ಉಪಯೋಗಿಸಿದ ಮೇಲೆ ಅದಿಲ್ಲದೆ ಹೊರಟಿಲ್ಲ.

ಕೊಳ್ಳಬೇಕಾಗಿಲ್ಲ, ಮನೆಯಲ್ಲೇ ಮಾಡಬಹುದು. ದೊಡ್ಡ ಗಾಳ ಒಂದು ತಗೊಂಡು ಅದರ ಮುಳ್ಳನ್ನು, ಅಂದರೆ ಮೊನೆ ಹಿಂದಿನ ಸಣ್ಣ ಕೊಕ್ಕೆಯನ್ನು, ಅರದಿಂದ ಪೂರ್ತಿ ತೇಯ್ದು ನುಣ್ಣಗೆ ಮಾಡಿ. ಇಲ್ಲಿ ಮುಖ್ಯ ವಿಷಯ, ಗಾಳ ತಲೆಕೆಳಗಾಗಿರಬೇಕು. ಸೀಸವನ್ನು ಗಾಳದ ಕಣ್ಣಿಗೆ ಕಟ್ಟಿ, ದೋಣಿಯಿಂದ ಬರುವ ದಾರವನ್ನು ಗಾಳದ ಬಾಗಿದ ಕಡೆಗೆ ಕಟ್ಟಿ. ಆಗ ಮೊನೆ ಕೆಳಮುಖವಾಗಿ ನಿಲ್ಲುತ್ತದೆ. ಮೀನಿನ ತುಟಿಯಲ್ಲಿ ಮೊದಲೇ ಆದ ತೂತಿನಲ್ಲಿ ಈ ಮೊನೆಯನ್ನು ಸಿಕ್ಕಿಸಿ ಮೆಲ್ಲಗೆ ನೀರಿಗೆ ಬಿಡಿ. ಸೀಸ ಮೀನನ್ನು ತಲೆ ಮುಂದಾಗಿ ಕೆಳಗೆ ಎಳೆದುಕೊಂಡು ಹೋಗುತ್ತದೆ. ದಾರ ಸಡಿಲ ಬಿಡುತ್ತಲೇ ಇರಿ, ಮಧ್ಯದಲ್ಲಿ ತಡೆದರೆ ಮೀನು ಕಳಚಿಕೊಂಡು ಮತ್ತೆ ಮೇಲೆ ಬರುತ್ತದೆ. ತಳ ಮುಟ್ಟಿದ ಮೇಲೆ ಒಂದು ಜೋರಾದ ಎಳೆತ ಕೊಡಿ. ಮುಳ್ಳಿಲ್ಲದ ಮೊನೆ ಜಾರಿ ಹೊರಗೆ ಬರುತ್ತದೆ.

ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ಸಾಮಾನನ್ನು ಮೊದಲೇ ಕಟ್ಟಿ ಕೈಗೆ ಸಿಗುವ ಹಾಗೆ ಇಟ್ಟಿರಿ, ಮೀನು ಬಂದ ಮೇಲೆ ಹುಡುಕಲು ಹೋದರೆ ಹೊತ್ತು ಮೀರುತ್ತದೆ. ಒಂದು ನಿಮಿಷದೊಳಗೆ ಅದು ಕೆಳಗೆ ಹೊರಟಿರಬೇಕು. ಎಲ್ಲ ಮೀನೂ ಬದುಕುತ್ತೆ ಅಂತ ನಾನು ಹೇಳಲ್ಲ. ಗಾಳ ಗಂಟಲಿಗೆ ಇಳಿದು ಕಿವಿರಿನಿಂದ ರಕ್ತ ಬರುತ್ತಿದ್ದರೆ ಅದನ್ನು ಗಂಗೊಳ್ಳಿಯವರು ಹೇಳಿದ ಹಾಗೆ ಸಾರಿಗೆ ಇಟ್ಟುಕೊಳ್ಳಿ. ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ಗಾಳ, ಹಾಕಿದರೆ ಗಂಟಲಿಗೆ ಇಳಿಯೋದು ಕಡಿಮೆ, ತುಟಿಯ ಮೂಲೆಗೇ ಕಚ್ಚುತ್ತದೆ. ಅದಕ್ಕೆ ಜೋರಾಗಿ ಕಿತ್ತು ಎಳೀಬಾರದು, ಒಂದೇ ಸಮ ಎಳೆಯುತ್ತಾ ಹೋಗಬೇಕು.

ಕುಮಟಾದಲ್ಲಿ ಅಜ್ಜನ ಜೊತೆ ಹೋಗುತ್ತಿದ್ದಾಗ ನಾವೂ ಹೀಗೇ ಮರಿಗಳು ತೇಲೋದನ್ನು ನೋಡುತ್ತಿದ್ದೆವು. ಅಜ್ಜ ಮುಖ ತಿರುಗಿಸಿ ಕೂರುತ್ತಿದ್ದರು. ಅವರಿಗೆ ಇದನ್ನು ತೋರಿಸಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಗಂಗೊಳ್ಳಿ_ತಂಗೂಸಿ

ಡೈವಿಂಗ್‌ನವರು ಹೇಳಿದ್ದು ಎರಡು ಸಲ ಓದಿದೆ. ಬಿಲದ ಮುರು ವಿಷಯ ಮನಸ್ಸಿಗೆ ತಾಗಿತು. ನಮ್ಮ ಅಪ್ಪ ಹೇಳುತ್ತಿದ್ದ ಮೂರು ಕಲ್ಲುಗಳಲ್ಲಿ ಎರಡರ ಮೇಲೆ ಈಗ ಏನೂ ಕಚ್ಚಲ್ಲ. ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನವರು ಕಾರಣ ಅಂತ ನಾವು ಹೇಳುತ್ತೇವೆ, ಅದು ದೊಡ್ಡ ಕಾರಣ ಹೌದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ರಜೆ ಇರೋದರಿಂದಲೇ ಇಷ್ಟಾದರೂ ಉಳಿದಿದೆ. ಆದರೆ ಗಾಳದವರೂ ಅಲ್ಲಿಂದ ಸಣ್ಣದು ದೊಡ್ಡದು ನೋಡದೆ ತಂದಿದ್ದೇವೆ, ಅದೂ ನಿಜ.

ಸೀಸ ಎಷ್ಟು ತೂಕ ಬೇಕು? ನಾವು ಗಾಳಕ್ಕೆ 200 ಗ್ರಾಂ ಹಾಕೋದು. ಗಾಳಿ ತುಂಬಿದ ಮುರುವನ್ನು ಅದು ಎಳೆದುಕೊಂಡು ಹೋಗಲ್ಲ ಅನಿಸುತ್ತದೆ.

ಪರ್ತ್_ಕನ್ನಡಿಗ

ಸರಿಯಾಗಿ ಹೇಳಿದಿರಿ, ಸಾಕಾಗಲ್ಲ. ಗೇಣುದ್ದದ್ದಕ್ಕೆ ಅರ್ಧ ಕೆಜಿ ಇಟ್ಟುಕೊಳ್ಳಿ. ಎರಡು ಕೆಜಿ ಮೇಲಿನ ಮೀನಾದರೆ ಒಂದು ಕೆಜಿಗೂ ಮೇಲೆ ಬೇಕಾಗಬಹುದು. ನಿಧಾನವಾಗಿ ಇಳಿಯುತ್ತಿದೆ ಅನಿಸಿದರೆ ಇನ್ನೊಂದು ಸೀಸ ಸೇರಿಸಿ.

ನೀರೊಳಗಿನವ

ಇನ್ನೊಂದು ವಿಷಯ ಬಿಟ್ಟಿದ್ದೆ. ತೇಡೆ ಮೀನು (ಮೀಸೆ ಇರುವ, ವಿಷಮುಳ್ಳಿನ ಮೀನು) ಸಿಕ್ಕರೆ ಬರಿಗೈಯಲ್ಲಿ ಬಿಡಿಸಬೇಡಿ. ಮುಳ್ಳು ಚುಚ್ಚಿದರೆ ಕೈಯನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಇಡಿ, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ. ಥರ್ಮಾಸ್‌ನಲ್ಲಿ ಚಹಾ ಒಯ್ಯುವವರು ಇನ್ನೊಂದು ಥರ್ಮಾಸ್ ಬಿಸಿ ನೀರು ಇಟ್ಟುಕೊಳ್ಳಿ. ಎಂಜಿನ್ ಕೈಕೊಟ್ಟರೆ ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸ್ 1093. ದಡದಿಂದ ದೂರ ಹೋದರೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್.

ದಾವಣಗೆರೆ_ಗಾಳ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ನವಮಿಗೆ ಮತ್ತೆ ಹೋಗಿದ್ದೆವು, ನಾನು, ಗೆಳೆಯ, ಮಾವ.

ಸಾಮಾನು ಮಾವನೇ ಮಾಡಿದ್ದರು. ನಾನು ಹೇಳಿದ್ದನ್ನು ಕೇಳಿ ಹಳೆ ಗಾಳವೊಂದನ್ನು ಜಗಲಿ ಮೇಲೆ ಕೂತು ಅರ ಹಾಕಿ ತೇಯ್ದು, ತಮ್ಮ ತುಟಿಗೆ ಒತ್ತಿ ಜಾರುತ್ತದಾ ಅಂತ ನೋಡಿದರಂತೆ. ಸೀಸ ಸಿಗಲಿಲ್ಲ ಅಂತ ಬಲೆಯ ಮೂರು ಗುಂಡು ಕರಗಿಸಿ ಒಂದು ಮಾಡಿದ್ದರು. ಲಂಗರು ಮರಳಿನಲ್ಲಿ ಹಾಕಿದೆವು. ಎರಡು ಸಲ ತಪ್ಪಿತು, ಮೂರನೇ ಸಲ ದೋಣಿ ಸರಿಯಾಗಿ ಕಲ್ಲಿನ ಮೇಲೆ ನಿಂತಿತು.

ದೊಡ್ಡ ತುಂಡು ಹಾಕಿದ್ದಕ್ಕೆ ಮರಿ ಕಡಿಮೆ ಬಂದವು. ಬಂದಿದ್ದು ಮೂರೇ. ಮೊದಲನೆಯದನ್ನು ಮಾವ ಹಿಡಿದುಕೊಂಡರು, ನಾನು ಮೊನೆ ಸಿಕ್ಕಿಸಿದೆ. ಕೈ ನಡುಗುತ್ತಿತ್ತು. ಬಿಟ್ಟ ತಕ್ಷಣ ಅದು ಬಿಳಿ ಹೊಟ್ಟೆ ತೋರಿಸುತ್ತಾ ಇಳಿಯಿತು, ಆಮೇಲೆ ನೀಲಿ ಆಯಿತು, ಆಮೇಲೆ ಕಾಣಲಿಲ್ಲ. ಹತ್ತು ಮಾರು ದಾಟುವವರೆಗೆ ದಾರ ಸತ್ತ ಭಾರದ ಹಾಗೆ ಓಡುತ್ತಿತ್ತು. ತಳ ಮುಟ್ಟುವ ಸ್ವಲ್ಪ ಮೊದಲು ಬೆರಳಿಗೆ ಒಂದು ಒದೆತ ಸಿಕ್ಕಿತು. ಮತ್ತೆ ಒಂದು. ಮೀನು ಒದೆಯುತ್ತಿದೆ ಅಂತ ಜೋರಾಗಿ ಕೂಗಿಬಿಟ್ಟೆ. ಎಳೆದೆ. ದಾರ ಹಗುರಾಯಿತು, ಸೀಸ ಮಾತ್ರ ಬಂತು.

ಮಾವ ದೋಣಿ ಸುತ್ತ ನೀರನ್ನೇ ನೋಡುತ್ತಾ ನಿಂತಿದ್ದರು, ಮೇಲೆ ಬರುತ್ತೇನೋ ಅಂತ. ಒಂದು ಬೀಡಿ ಮುಗಿಯುವವರೆಗೆ ನೋಡಿದರು. ಬರಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಗಾಳ ಒಳಗೆ ಇಳಿದಿತ್ತು, ಅದು ರಾತ್ರಿ ಸಾರಾಯಿತು.

ಪರ್ತ್ ಅಣ್ಣ, ಒಂದು ಸಂದೇಹ ಉಳಿದಿದೆ. ನಮ್ಮ ದಾರ ಇಳಿಯುವಾಗ ಸುತ್ತಿಕೊಂಡು ಗಂಟಾಗುತ್ತದೆ. ಮಧ್ಯೆ ಒಂದು ಸ್ವಿವೆಲ್ (ದಾರ ತಿರುಚದ ಹಾಗೆ ತಿರುಗುವ ಕೊಂಡಿ) ಹಾಕಬಹುದಾ, ಅಥವಾ ಅದು ಎಳೆದಾಗ ಅಡ್ಡ ಬರುತ್ತದಾ?

ಪರ್ತ್_ಕನ್ನಡಿಗ

ಹಾಕಿ, ಅಡ್ಡ ಬರಲ್ಲ. ಗಾಳಕ್ಕಿಂತ ಒಂದು ಮಾರು ಮೇಲೆ ಇರಲಿ. ಮಾವನಿಗೆ ನನ್ನ ನಮಸ್ಕಾರ ಹೇಳಿ.